ಗಾಡಿ ಬಿಟ್ಟ ಕುದುರೆ ಎಲ್ಲಿ ನಿಲ್ಲಬೇಕು?

ರೇಸ್ ಕುದುರೆ ಓಟಕ್ಕಿಳಿಯುವುದು ಎರಡನೇ ವರ್ಷಕ್ಕೆ. ಏಳೆಂಟು ತುಂಬುವಷ್ಟರಲ್ಲಿ ಬಹುಪಾಲು ಕುದುರೆಗಳ ಓಟ ಮುಗಿದಿರುತ್ತದೆ. ಆಯಸ್ಸು ಮಾತ್ರ 25 ವರ್ಷ ದಾಟಬಹುದು. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಿಂದ ಹೊರಬಿದ್ದವುಗಳಲ್ಲಿ ಅದೃಷ್ಟವಿದ್ದವು ತಳಿ ಕೇಂದ್ರಕ್ಕೋ ಸವಾರಿ ಶಾಲೆಗೋ ಸೇರುತ್ತವೆ. ಉಳಿದವು ಕೈಯಿಂದ ಕೈಗೆ ದಾಟುತ್ತಾ ಮದುವೆ ಮೆರವಣಿಗೆ, ಗಾಡಿ ಎಂದು ಸವೆದು, ಕಾಲು ಕುಂಟಿದ ದಿನ ಬೀದಿಗೆ ಬೀಳುತ್ತವೆ. ಮೈಸೂರಿನ ಟಾಂಗಾ ಕುದುರೆಗಳ ಪಾಡೂ ಹೆಚ್ಚು ಬೇರೆಯಲ್ಲ. ಆಟೋ ಬಂದು ಬಾಡಿಗೆ ಕಸಿದ ಮೇಲೆ ಎಷ್ಟೋ ಟಾಂಗಾದವರಿಗೆ ಹುರುಳಿ ಕೊಳ್ಳುವುದೇ ಭಾರ. 2012ರಲ್ಲಿ ದೇಶದಲ್ಲಿ 6.25 ಲಕ್ಷದಷ್ಟಿದ್ದ ಕುದುರೆಗಳು 2019ರ ಜಾನುವಾರು ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದ್ದವು. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದಿತು. ಗಾಡಿ ನಿಲ್ಲಿಸಲು ಒಂದು ಆದೇಶ ಸಾಕು. ಗಾಡಿ ಬಿಟ್ಟ ಕುದುರೆ ಮುಂದಿನ ಹತ್ತು ಹದಿನೈದು ವರ್ಷ ಎಲ್ಲಿ ನಿಲ್ಲಬೇಕು, ಏನು ತಿನ್ನಬೇಕು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸುತ್ತಿನ ಸೀಮೆ ಒಳ್ಳೆಯ ಉತ್ತರವಾಗಬಲ್ಲದು. ಆದರೆ ಒಂದು ಮನೆಗೆ ಒಂದು ಕುದುರೆ ಎಂಬ ಲೆಕ್ಕದಲ್ಲಿ ಅಲ್ಲ. ತಂದರೆ ಎರಡು ಕುದುರೆ ತರಬೇಕು, ಹೊಣೆಯನ್ನು ಮೂರ್ನಾಲ್ಕು ಮನೆಗಳು ಹಂಚಿಕೊಳ್ಳಬೇಕು.

ಬೆಳ್ಳೂರೇ ಏಕೆ? ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ನೀರಿದೆ, ಹಸಿರಿದೆ, ಜೊತೆಗೆ ಕೆಸರೂ ಇದೆ. ಕೆಸರಲ್ಲಿ ಸದಾ ನಿಂತ ಕುದುರೆಯ ಗೊರಸಿನ ಅಡಿಭಾಗ ಕೊಳೆತು ನಾರುತ್ತದೆ. ಕಚ್ಚುವ ದೊಡ್ಡ ನೊಣಗಳು ಹೆಚ್ಚಿದ್ದಲ್ಲಿ ಸರ್ರಾ ರೋಗದ ಭಯವೂ ಉಂಟು. ನಾಗಮಂಗಲದ ಕಡೆ ಮಳೆಯಾಶ್ರಿತ ಕೆಂಪು ಮಣ್ಣು, ನೀರು ಬೇಗ ಇಂಗುತ್ತದೆ. ಹೊಲದ ಬದುವಿನಲ್ಲಿ ಗರಿಕೆ, ಕಣದಲ್ಲಿ ರಾಗಿ ಹುಲ್ಲು, ಮನೆಯಲ್ಲಿ ಹುರುಳಿ, ಮೂರೂ ಊರಲ್ಲೇ ಸಿಗುತ್ತವೆ. ಬೆಳ್ಳೂರು ಕ್ರಾಸ್ ಬೆಂಗಳೂರು–ಹಾಸನ ಹೆದ್ದಾರಿಯ ಮೇಲಿದೆ. ಒಂದು ತುದಿಗೆ ಹೆಬ್ಬಾಳದ ಪಶುವೈದ್ಯ ಕಾಲೇಜು, ಇನ್ನೊಂದು ತುದಿಗೆ ಹಾಸನದ್ದು. ನಡುವೆ ಕುಣಿಗಲ್, ಟಿಪ್ಪುವಿನ ಕಾಲದಿಂದಲೂ ಕುದುರೆಗೆ ಹೆಸರಾದ ಊರು. ಕುದುರೆಯ ಕಾಲು, ಹೊಟ್ಟೆ ಬಲ್ಲವರು ಇನ್ನೂ ಉಳಿದಿರುವುದು ಇಂಥ ದಾರಿಯಲ್ಲೇ.

ದನ ಸಾಕಿ ಪಳಗಿದ ಕೈಗೆ ಕುದುರೆ ಸುಲಭ ಎಂಬ ನಂಬಿಕೆಯೇ ಮೊದಲ ಅಪಾಯ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ, ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಕುದುರೆಯದು ಒಂದೇ ಸಣ್ಣ ಹೊಟ್ಟೆ, ನಾರು ಅರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಮೆಲುಕು ಇಲ್ಲ, ವಾಂತಿಯೂ ಆಗದು. ಆದ್ದರಿಂದ ಬೆಳಗ್ಗೆ ಸಂಜೆ ಎರಡು ಸಲ ಗೊಂತು ತುಂಬಿಸಿ ಹೋಗುವ ಅಭ್ಯಾಸ ಇಲ್ಲಿ ನಡೆಯದು. ಇಡೀ ದಿನ ಸ್ವಲ್ಪ ಸ್ವಲ್ಪ ಹುಲ್ಲು ಕಡಿಯುತ್ತಿರಬೇಕು. ಒರಟು ಹುಲ್ಲೊಂದನ್ನೇ ಹಾಕಿ ನೀರು ಕಡಿಮೆಯಾದರೆ ಕರುಳಲ್ಲಿ ಗಟ್ಟಿಕಟ್ಟಿ ಹೊಟ್ಟೆಶೂಲೆ ಬರುತ್ತದೆ. ಕುದುರೆ ನೆಲ ಕೆರೆದು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿ, ಮಲಗಿ ಹೊರಳಾಡಿದರೆ ಕಷಾಯ ಕಾಯಿಸುತ್ತಾ ಕೂರುವಂತಿಲ್ಲ. ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಬೇಕು. ಆರೋಗ್ಯದ ಕುದುರೆ ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕುತ್ತದೆ. ಲಾಯ ಗುಡಿಸುವವರು ಅದನ್ನು ಎಣಿಸುವ ರೂಢಿ ಮಾಡಿಕೊಂಡರೆ ಅರ್ಧ ವೈದ್ಯ ಮನೆಯಲ್ಲೇ ಇದ್ದಂತೆ. ಮೊನೆನ್ಸಿನ್ ಎಂಬ ಔಷಧವನ್ನು ದನದ ಮತ್ತು ಕೋಳಿಯ ಕೆಲವು ಆಹಾರಗಳಿಗೆ ಬೆರೆಸುತ್ತಾರೆ. ಹಸುವಿಗೆ ಒಗ್ಗುವ ಅದೇ ಔಷಧ ಕುದುರೆಯ ಹೃದಯದ ಮಾಂಸಖಂಡವನ್ನು ಕೆಡಿಸಿ ಕೊಲ್ಲುತ್ತದೆ. ಕೊಟ್ಟಿಗೆಯ ಪಶು ಆಹಾರದ ಚೀಲವನ್ನು ಕುದುರೆಯ ಬಾಯಿಗೆ ಎಟುಕದಂತೆ ಇಡಬೇಕು.

ಕಾಲಿನ ವಿಷಯವೂ ಹಾಗೆಯೇ. ಮಂಡ್ಯ ಸೀಮೆಯಲ್ಲಿ ಎತ್ತಿಗೆ ಲಾಳ ಕಟ್ಟುವವರು ಇದ್ದಾರೆ, ಆದರೆ ಸೀಳು ಗೊರಸಿನ ಕೆಲಸ ಬೇರೆ, ಇಡೀ ಗೊರಸಿನ ಕೆಲಸ ಬೇರೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡದಿದ್ದರೆ ಭಾರವೆಲ್ಲ ಹಿಮ್ಮಡಿಗೆ ಬಿದ್ದು ಸ್ನಾಯುರಜ್ಜು ಸೋಲುತ್ತದೆ. ಕುದುರೆಯನ್ನು ಒಪ್ಪಿಕೊಳ್ಳುವ ಮುನ್ನ ಗೊರಸಿನ ಮೇಲೆ ಬೆರಳಾಡಿಸಿ ನೋಡಬೇಕು. ಒಂದರ ಕೆಳಗೊಂದು ಉಬ್ಬಿದ, ಹಿಮ್ಮಡಿಯ ಕಡೆಗೆ ಅಗಲವಾಗುತ್ತ ಹೋಗುವ ಬಳೆಗಳಂಥ ಗೆರೆಗಳಿದ್ದರೆ ಹಿಂದೊಮ್ಮೆ ಗೊರಸಿನೊಳಗೆ ಉರಿಯೂತ ಆಗಿರುವ ಸಾಧ್ಯತೆ ಹೆಚ್ಚು. ಅಂಥ ಕುದುರೆಗೆ ಧಾನ್ಯ, ಬೆಲ್ಲ, ಕಬ್ಬಿನ ತುಂಡು ಯಾವುದೂ ಕೂಡದು. ಮೈಮೇಲಿನ ಹಳೆಯ ದುಡಿಮೆಯ ಗುರುತುಗಳನ್ನೂ ನೋಡಿಕೊಳ್ಳಬೇಕು: ತುಟಿಯ ಕೊನೆಯ ಬಿಳಿ ಕಲೆ ಕಡಿವಾಣದ ಗುರುತು, ಎದೆಯ ಕೂದಲುದುರಿದ ಪಟ್ಟಿ ಗಾಡಿಯದು. ಧನುರ್ವಾಯುವಿನ ಲಸಿಕೆ ತಪ್ಪಿಸುವಂತಿಲ್ಲ, ಏಕೆಂದರೆ ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಆಗದೆ ಊರೊಳಗೆ ಬಿಟ್ಟುಕೊಳ್ಳಲೇಬಾರದು. ಅದು ಮನುಷ್ಯರಿಗೂ ಅಂಟುತ್ತದೆ.

ಬೀದಿಯಿಂದ ಬಂದ ಕುದುರೆಯ ಪಕ್ಕೆಲುಬುಗಳು ಎಣಿಸುವಷ್ಟು ಎದ್ದಿರುತ್ತವೆ. ಅದನ್ನು ಕಂಡವರಿಗೆ ಒಂದು ಬುಟ್ಟಿ ಬೇಯಿಸಿದ ಹುರುಳಿ ಇಡಬೇಕೆನಿಸುವುದು ಸಹಜ. ಆ ಕರುಣೆಯೇ ಕೊಲ್ಲಬಹುದು. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಮ್ಮೆಲೇ ಪಿಷ್ಟ ಬಿದ್ದರೆ ರಕ್ತದ ಲವಣಗಳು ಕುಸಿದು ಹೃದಯ, ಉಸಿರು ಸೋಲುತ್ತವೆ. ಆಹಾರ ಸಿಕ್ಕ ಮೂರರಿಂದ ಐದು ದಿನದೊಳಗೆ ಸಾವು ಬಂದ ಉದಾಹರಣೆಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯರು ಇದನ್ನು ಪರೀಕ್ಷಿಸಿ, ಮೊದಲ ದಿನಗಳಲ್ಲಿ ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಸಣ್ಣ ಸಣ್ಣ ಪಾಲಾಗಿ ಆಗಾಗ ಕೊಡುವುದೇ ಕ್ಷೇಮ ಎಂದು ಕಂಡುಕೊಂಡರು. ಹುರುಳಿಗೆ ಅವಸರವಿಲ್ಲ.

ಇನ್ನು ಎರಡು ಕುದುರೆಯ ಮಾತು. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಬೇಲಿಯುದ್ದಕ್ಕೂ ಓಡಾಡಿ, ಮರ ಕಡಿದು, ಕೊನೆಗೆ ಮಂಕಾಗುತ್ತದೆ. ಹಸುವಿನ ಜೊತೆ ಅರ್ಧ ಸಮಾಧಾನ, ಇನ್ನೊಂದು ಕುದುರೆಯ ಜೊತೆ ಪೂರ್ತಿ. ಹಾಗಾದರೆ ಖರ್ಚೂ ಎರಡು ಪಟ್ಟಾಗುತ್ತದೆಯಲ್ಲ ಎಂದರೆ, ಅದಕ್ಕೇ ಮೂರ್ನಾಲ್ಕು ಮನೆ ಎಂದದ್ದು. ಮುನ್ನೂರು ಕಿಲೋ ತೂಗುವ ಜಟಕಾ ಕುದುರೆಗೆ ದಿನಕ್ಕೆ ತೂಕದ ಶೇ 2ರಷ್ಟು, ಅಂದರೆ ಆರು ಕಿಲೋ ಒಣ ಮೇವು ಬೇಕು. ವರ್ಷಕ್ಕೆ ಎರಡು ಟನ್ ದಾಟಿತು. ಜೋಡಿಗೆ ಸುಮಾರು ನಾಲ್ಕೂವರೆ. ಒಬ್ಬ ರೈತನ ಬಣವೆಗೆ ಅದು ಹೊರೆ, ನಾಲ್ವರಿಗೆ ತಡೆಯಬಲ್ಲದ್ದು. ಹುಮ್ಮಸ್ಸಿನಿಂದ ತಂದ ಒಬ್ಬ ಯಜಮಾನ ಕಾಯಿಲೆ ಬಿದ್ದರೆ ಅಥವಾ ಮಗ ಬೆಂಗಳೂರಿಗೆ ಹೋದರೆ ಕುದುರೆ ಮತ್ತೆ ಬೀದಿಗೆ ಬರುತ್ತದೆ. ಹಾಗೆ ಹಸಿವಿಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ! ಈ ದಂಡಕ್ಕೆ ಯಾರೂ ಹೆದರುವುದಿಲ್ಲ. ಆದ್ದರಿಂದ ಕುದುರೆ ಕೊಡುವ ಸಂಸ್ಥೆ, ಪಡೆದವರು ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಆಗದಿದ್ದರೆ ಮರಳಿಸಬೇಕು ಎಂದು ಬರವಣಿಗೆಯಲ್ಲೇ ಕರಾರು ಮಾಡಿಕೊಳ್ಳುವುದು ಕಾಯ್ದೆಗಿಂತ ಗಟ್ಟಿ.

ಹಸುವಿಗೇ ಮೇವಿಲ್ಲದ ಬರದ ನಾಡಿನಲ್ಲಿ ಹಾಲು ಕೊಡದ ಕುದುರೆ ಏಕೆ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕರೆಯುವ ಸೀಮೆಹಸುವಿಗಿಂತ ಸಣ್ಣ ಕುದುರೆ ಕಡಿಮೆ ತಿನ್ನುತ್ತದೆ ಎನ್ನುವುದು ನಿಜವಾದರೂ ಡೇರಿಗೆ ಹಾಕಲು ಅದರಿಂದ ಏನೂ ಸಿಗದು. ಸಾಲದಲ್ಲಿರುವ ಮನೆ ಕುದುರೆ ತರಬಾರದು ಎಂದೇ ನಾನೂ ಹೇಳುತ್ತೇನೆ. ಗೋಶಾಲೆಗೆ ಸೇರಿಸಬಹುದಲ್ಲ ಎಂಬುದು ಇನ್ನೊಂದು ಮಾತು. ಮೇವು, ಮೈದಾನ ಬೇರೆ ಮಾಡಿ, ಗೊರಸು ನೋಡುವವರನ್ನು ಗೊತ್ತು ಮಾಡಿದರೆ ಸರಿ, ಇಲ್ಲದಿದ್ದರೆ ಅಲ್ಲಿ ಅದು ಕೊಂಬಿನ ದನಗಳ ನಡುವಿನ ಅನಾಥ. ಸವಾರಿಗೆ ಬಿಟ್ಟು ಅದರ ಅನ್ನ ಅದೇ ದುಡಿಯಲಿ ಎನ್ನುವವರು ಒಂದು ಲೆಕ್ಕ ನೋಡಬೇಕು. ಬೆನ್ನಿನ ಭಾರ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ರೂಢಿಯ ಮಿತಿ. ಮುನ್ನೂರು ಕಿಲೋ ಕುದುರೆಗೆ ಜೀನು ಸೇರಿ ಅರವತ್ತು ಕಿಲೋ. ನಮ್ಮ ಮದುಮಗರಲ್ಲಿ ಎಷ್ಟು ಮಂದಿ ಅಷ್ಟರೊಳಗೆ ತೂಗುತ್ತಾರೋ! ಜಟಕಾದವನಿಗೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬರುವುದನ್ನು ಹಲವರು ಪುಣ್ಯ ಎಂದುಕೊಂಡಿದ್ದಾರೆ. ಆ ದುಡ್ಡಿನಲ್ಲಿ ಅವನು ಇನ್ನೊಂದು ಕುದುರೆ ಕೊಂಡು ಅದೇ ನೊಗಕ್ಕೆ ಕಟ್ಟಿದರೆ ಉಳಿದದ್ದು ಏನು? ಕಸುಬು ಬಿಡುವವನ ಕುದುರೆಯನ್ನೋ, ಬೆಂಗಳೂರಿನ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಿಗೆ ಬಂದು ಸೇರಿದ್ದನ್ನೋ ತರುವುದು ಸರಿಯಾದ ದಾರಿ.

ಬೆಳ್ಳೂರು ಹೋಬಳಿಯಲ್ಲಿ ಯಾರಿಗಾದರೂ ಮನಸ್ಸಿದ್ದರೆ ಸುಗ್ಗಿ ಮುಗಿದ ಮೇಲೆ ಮೊದಲು ಬಣವೆ ಅಳೆಯಿರಿ, ಆಮೇಲೆ ಮೂರು ಮನೆಯವರನ್ನು ಕೂರಿಸಿ ಮಾತಾಡಿ, ಊರಿನ ಪಶುವೈದ್ಯರನ್ನು ಕೇಳಿ. ಸ್ವಂತ ದನಕ್ಕೆ ಹಾಕಿ ನಾಲ್ಕೂವರೆ ಟನ್ ಹುಲ್ಲು ಮಿಗದಿದ್ದರೆ ಈ ವರ್ಷ ಕುದುರೆ ಬೇಡ. ಮಿಕ್ಕಿದ್ದಷ್ಟನ್ನು ಈಗಾಗಲೇ ಸಾಕುತ್ತಿರುವವರಿಗೆ ಕಳಿಸಿಕೊಡಿ.