ಏಳುನೂರ ಒಂಬತ್ತು ಪತ್ರಗಳು

ವೀಕ್ಷಕರೇ, ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. 701 ಮತ್ತು 8. ಕೂಡಿದರೆ 709.

2025ರ ಅಕ್ಟೋಬರ್ 15ರಂದು ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ಪಾಸಾಗಲು ಇನ್ನು 35 ಅಲ್ಲ, ಶೇ. 33 ಅಂಕ ಸಾಕು ಎಂದು ಪ್ರಕಟಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಆಂತರಿಕ ಮೌಲ್ಯಮಾಪನವೂ ಸೇರಿ 625ಕ್ಕೆ 206, ಪಿಯುಸಿಯಲ್ಲಿ 600ಕ್ಕೆ 198. ಪ್ರತಿ ವಿಷಯದಲ್ಲಿ ಕನಿಷ್ಠ 30 ಬರಬೇಕು. ಈ ನಿರ್ಧಾರಕ್ಕೆ ಮೊದಲು ಸರ್ಕಾರ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಪರವಾಗಿ ಬಂದ ಪತ್ರ 701. ವಿರುದ್ಧ ಬಂದಿದ್ದು 8.

ಈ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಬರೆಯೋ ಮಕ್ಕಳು ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು. ಪಿಯುಸಿಯವರನ್ನು ಬಿಟ್ಟು ಅವರದೊಂದೇ ಲೆಕ್ಕ ಹಿಡಿದರೂ ಸಾವಿರ ಮನೆಗೆ ಒಂದು ಪತ್ರವೂ ಬಂದಿಲ್ಲ. ನಾನು ಇಂಜಿನಿಯರಿಂಗ್ ಓದಿದವನು. ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಮೊದಲ ಪಾಠವೇ ಇದು: ಸ್ಯಾಂಪಲ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದು ಎಲ್ಲಿಂದ ಬಂತು ಅಂತ ನೋಡು. ತಾನಾಗಿ ಪತ್ರ ಬರೆಯೋನು ಯಾರು? ಓದು ಬರಹ ಬಲ್ಲವನು, ಬಿಡುವಿರೋನು, ಕರಡು ಬಂದಿದೆ ಅಂತ ಗೊತ್ತಾದವನು. ಗಣಿತದಲ್ಲಿ 28 ಬಂದು ಫೇಲಾಗಿ ಗಾರೆ ಕೆಲಸಕ್ಕೆ ಹೋದ ಹುಡುಗನ ಪತ್ರ ಆ ಕಟ್ಟಿನಲ್ಲಿ ಇತ್ತಾ?

ಈ ‘ಅಭಿಪ್ರಾಯ ಕೇಳುವುದು’ ಸರ್ಕಾರ ನಮಗೆ ತೋರಿಸುವ ಮರ್ಯಾದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಅದು ಕಾನೂನು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 145ನೇ ಪ್ರಕರಣದಂತೆ ಸರ್ಕಾರ ನಿಯಮ ಮಾಡಬೇಕಾದರೆ ಮೊದಲು ಕರಡನ್ನು ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ಬಂದಿದ್ದನ್ನು ಪರಿಶೀಲಿಸಬೇಕು. ಆಮೇಲೆ ಅಂತಿಮ ನಿಯಮ. ಅದನ್ನು ವಿಧಾನಮಂಡಲದ ಮುಂದೆಯೂ ಇಡಬೇಕು.

ಈ ಕ್ರಮದ ಬಗ್ಗೆಯೇ ಜಗಳ ಬಂದರೆ ಏನಾಗುತ್ತೆ ಅನ್ನೋದನ್ನೂ ನಾವು ಕಣ್ಣಾರೆ ನೋಡಿದ್ದೇವೆ. 5, 8, 9 ಮತ್ತು 11ನೇ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಎಂದು ಸರ್ಕಾರ ಹೊರಟಿತು. ನಿಯಮ ರೂಪಿಸುವ ಕ್ರಮ ಪಾಲಿಸಿಲ್ಲ ಎಂಬುದು ವಿರೋಧಿಸಿದವರ ಮುಖ್ಯ ವಾದಗಳಲ್ಲೊಂದು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಆ ಅಧಿಸೂಚನೆಗಳನ್ನು ರದ್ದು ಮಾಡಿತು. ಮೇಲ್ಮನವಿಯಲ್ಲಿ ಮಧ್ಯಂತರ ಅನುಮತಿ ಸಿಕ್ಕು ಪರೀಕ್ಷೆ ಶುರುವಾಯಿತು. ಮಾರ್ಚ್ 12ರಂದು ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ತೆಗೆದುಹಾಕಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. ಮಾರ್ಚ್ 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು, ಉಳಿದ ಪೇಪರ್ ಮುಗಿದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಹಾಕಿತು. ಯಾವ ಕೋರ್ಟ್ ಸರಿ ಅನ್ನೋದು ವಕೀಲರ ವಿಷಯ. ನನಗೆ ಕಾಣೋದು ಐದನೇ ಕ್ಲಾಸಿನ ಮಗು. ‘ಅಮ್ಮಾ, ನಾಳೆ ಪರೀಕ್ಷೆ ಇದೆಯಾ ಇಲ್ವಾ?’ ಅಂತ ಅದು ಕೇಳಿದಾಗ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಪಠ್ಯಪುಸ್ತಕದ ಕಥೆಯೂ ಬೇರೆ ಅಲ್ಲ. 2022ರಲ್ಲಿ ಪರಿಷ್ಕರಣೆ ಬಗ್ಗೆ ರಾಜ್ಯವೇ ಎದ್ದು ಕೂತಿತು. ಆದರೆ ಯಾವಾಗ? ಪಾಠ ಸಿದ್ಧವಾಗಿ ಪುಸ್ತಕ ಅಚ್ಚಾದ ಹೊತ್ತಿಗೆ. ಕೊನೆಗೆ ಸಮಿತಿ ವಿಸರ್ಜನೆಯಾಯಿತು, ತಪ್ಪುಗಳಿಗೆ ತಿದ್ದುಪಡಿ ಹೊರಟಿತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಲೇಬೇಕು. 33 ಅಂಕದ ನಿರ್ಧಾರ ಹೊರಬಿದ್ದ ಸಂಜೆ ‘ಗುಣಮಟ್ಟ ಗೋವಿಂದ!’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ ಒಂದು ಗಂಟೆ ಚರ್ಚೆ ಮಾಡಿದೆ. ಕರಡು ಬಂದ ದಿನ? ಒಂದು ನಿಮಿಷವನ್ನೂ ಕೊಡಲಿಲ್ಲ. ಅಭಿಪ್ರಾಯ ಕೊಡೋ ಬಾಗಿಲು ತೆರೆದಿದ್ದಾಗ ಸುಮ್ಮನಿದ್ದು, ಮುಚ್ಚಿದ ಮೇಲೆ ಬಾಗಿಲು ಬಡಿದೆ. 709 ಅನ್ನೋ ಸಂಖ್ಯೆಯಲ್ಲಿ ನನ್ನ ಪಾಲೂ ಇದೆ.

ಹಾಗಾದರೆ ಮುಂದಿನ ಸಲ ಏನು ಮಾಡಬೇಕು? ಕರಡು ಅಧಿಸೂಚನೆಯಲ್ಲೇ ಗಡುವು ಮತ್ತು ವಿಳಾಸ ಇರುತ್ತೆ. ‘ವಿರೋಧಿಸುತ್ತೇನೆ’ ಅಂತ ಒಂದೇ ಸಾಲು ಬರೆದರೆ ಅದು ಎಣಿಕೆಗೆ ಮಾತ್ರ ಬರುತ್ತೆ. ಯಾವ ನಿಯಮ, ಅದರಿಂದ ನಿಮ್ಮ ಮಗುವಿಗೆ ಏನಾಗುತ್ತೆ, ಅದರ ಬದಲು ಏನಿರಬೇಕು, ಈ ಮೂರು ಬರೆಯಿರಿ. ‘ನನ್ನ ಮಗಳ ಶಾಲೆಯಲ್ಲಿ ವಿಜ್ಞಾನಕ್ಕೆ ಮೇಷ್ಟ್ರು ಬಂದಿದ್ದೇ ನವೆಂಬರಿನಲ್ಲಿ. ಪಾಸಿನ ಅಂಕ ಇಳಿಸೋ ಜೊತೆಗೆ ಜೂನಿನಲ್ಲೇ ಮೇಷ್ಟ್ರನ್ನು ಕೊಡಿ’ ಅಂತ ಒಬ್ಬ ತಾಯಿ ಬರೆದರೆ, ಆ ಪತ್ರವನ್ನು ಪರವೋ ವಿರೋಧವೋ ಅಂತ ಯಾವ ಕಟ್ಟಿಗೆ ಹಾಕ್ತೀರಿ? ಓದಲೇಬೇಕಾಗುತ್ತೆ. ಬರೆಯೋಕೆ ಬರದವರಿಗಾಗಿ ಎಸ್‌ಡಿಎಂಸಿ ಸಭೆ ಇದೆ. ಅಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ, ಕಳಿಸಿ ಅಂತ ಕೇಳಿ.

ಸರ್ಕಾರಕ್ಕೂ ಒಂದು ಮಾತು. ಎಷ್ಟು ಪತ್ರ ಬಂತು ಅಂತ ಹೇಳಿದಿರಿ, ಸಂತೋಷ. ಅದರಲ್ಲಿ ಏನಿತ್ತು, ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಅಂತಲೂ ಪ್ರಕಟಿಸಿ. ಮಕ್ಕಳ ಉತ್ತರ ಪತ್ರಿಕೆಗೆ ಮೌಲ್ಯಮಾಪನ ಇದೆ, ಮರುಎಣಿಕೆ ಇದೆ, ಸ್ಕ್ಯಾನ್ ಪ್ರತಿಯೂ ಸಿಗುತ್ತೆ. ಅಪ್ಪ ಅಮ್ಮ ಬರೆದ ಪತ್ರಕ್ಕೂ ಅಷ್ಟು ಬೇಡವಾ?

ಮುಂದಿನ ಕರಡು ಬಂದ ದಿನವೇ ನಾನು ಇಲ್ಲಿ ಕೂತು ಅದನ್ನು ಓದ್ತೀನಿ. ಪೆನ್ನು ಹಿಡಿಯೋದು ನಿಮಗೆ ಬಿಟ್ಟಿದ್ದು.