ಹಾಸಿಗೆ ಪಕ್ಕದ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬೆಳಗಿನ ಬಸ್ಸುಗಳು ವಿಜಯಪುರಕ್ಕೆ ಬಂದು ನಿಂತಾಗ, ಇಳಿಯುವವರಲ್ಲಿ ದವಾಖಾನೆಗೆ ಹೊರಟವರನ್ನು ದೂರದಿಂದಲೇ ಗುರುತಿಸಬಹುದು. ಒಂದು ಕೈಯಲ್ಲಿ ಹಳೆಯ ಎಕ್ಸ್‌ರೇ, ರಕ್ತದ ರಿಪೋರ್ಟು, ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ರೊಟ್ಟಿಬುತ್ತಿ. ಇವರಲ್ಲಿ ಕೆಲವರು ಸೋಲಾಪುರ ರಸ್ತೆಯ ಬಿ.ಎಲ್.ಡಿ.ಇ. ಆಸ್ಪತ್ರೆಗೆ ಆಟೊ ಹಿಡಿಯುತ್ತಾರೆ, ಕೆಲವರು ಅಥಣಿ ರಸ್ತೆಯ ಅಲ್-ಅಮೀನ್‌ಗೆ. ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಅಲ್ಲಿ ಬಿಳಿ ಕೋಟು ತೊಟ್ಟು, ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡು ನಿಂತಿರುವ ಹುಡುಗ ಹುಡುಗಿಯರಿಗೆ ಈ ರೋಗಿಗಳೇ ಪಠ್ಯ. ನಾಲ್ಕು ತಾಲ್ಲೂಕುಗಳ ಜನ ತಮ್ಮ ನೋವನ್ನು ಹೇಳಿಕೊಳ್ಳುತ್ತ, ತಮಗೇ ತಿಳಿಯದಂತೆ ಒಂದು ತಲೆಮಾರಿನ ವೈದ್ಯರನ್ನು ತಯಾರು ಮಾಡುತ್ತಿದ್ದಾರೆ.

ಈ ಭಾಗಕ್ಕೆ ವೈದ್ಯಕೀಯ ಕಾಲೇಜು ಬಂದದ್ದು ತಡವಾಗಿ. ಹುಬ್ಬಳ್ಳಿಯ ಕೆ.ಎಂ.ಸಿ. ಆರಂಭವಾದದ್ದು 1957ರಲ್ಲಿ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜು, ಕಲಬುರಗಿಯ ಮಹಾದೇವಪ್ಪ ರಾಂಪುರೆ ಕಾಲೇಜು, ಗಡಿಯಾಚೆ ಸೋಲಾಪುರದ ವೈಶಂಪಾಯನ ಕಾಲೇಜು ಮೂರೂ ಹುಟ್ಟಿದ್ದು 1963ರಲ್ಲೇ. ಸುತ್ತ ನಾಲ್ಕು ದಿಕ್ಕಿಗೂ ಕಾಲೇಜು ಎದ್ದವು, ನಡುವಿನ ಬಿಜಾಪುರ, ಅಂದರೆ ಇಂದಿನ ವಿಜಯಪುರ, ಮಾತ್ರ ಎರಡು ದಶಕ ಕಾಯಿತು. 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ಶುರುವಾದವು. ಎರಡನೆಯದು ಇಂದು ಬಿ.ಎಂ. ಪಾಟೀಲರ ಹೆಸರಿನಲ್ಲಿದೆ; 2008ರಲ್ಲಿ ಬಿ.ಎಲ್.ಡಿ.ಇ.ಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಸಂಸ್ಥೆಯ ಬೇರು ಇನ್ನೂ ಹಿಂದಿನದು. 1910ರಲ್ಲಿ ಅದನ್ನು ಕಟ್ಟಿದವರು ವಕೀಲರಾಗಿದ್ದ ಫ.ಗು. ಹಳಕಟ್ಟಿ. ಓಲೆಗರಿಗಳಿಗಾಗಿ ಮನೆಮನೆ ಅಲೆದು ವಚನಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚುಮಾಡಿದ ಅದೇ ಹಳಕಟ್ಟಿಯವರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಮಕ್ಕಳು, ಅವರ ವಚನಗಳನ್ನು ಉಳಿಸಿಕೊಟ್ಟವರು ಕಟ್ಟಿದ ಸಂಸ್ಥೆಯಲ್ಲಿ ಶರೀರಶಾಸ್ತ್ರ ಓದುತ್ತಾರೆ ಎಂಬುದು ಈ ಜಿಲ್ಲೆಯವರು ಹೆಮ್ಮೆಪಡಬೇಕಾದ ಸಂಗತಿ.

ಆದರೆ ಊರ ಕಾಲೇಜಿನ ಬಾಗಿಲು ಊರ ಮಕ್ಕಳಿಗೆ ಸುಲಭವಾಗಿ ತೆರೆಯುವುದಿಲ್ಲ. ಎಲ್ಲಕ್ಕೂ ಮೊದಲು ನೀಟ್: 180 ಪ್ರಶ್ನೆ, 720 ಅಂಕ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ರಾಜ್ಯದ ಸೀಟು ಹಂಚಿಕೆಯಲ್ಲಿ ಹಳ್ಳಿ ಶಾಲೆಗಳಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯೂ ಇದೆ. ಡೀಮ್ಡ್ ವಿಶ್ವವಿದ್ಯಾಲಯದ ಸೀಟುಗಳು ಮಾತ್ರ ದೆಹಲಿಯ ಅಖಿಲ ಭಾರತ ಕೌನ್ಸೆಲಿಂಗ್‌ನಲ್ಲಿ ಹಂಚಿಹೋಗುವುದರಿಂದ ಆ ಮೀಸಲಾತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371 ಜೆ ವಿಧಿಯ ಸೌಲಭ್ಯ ಕೂಡ ಈ ಜಿಲ್ಲೆಗಿಲ್ಲ. ಸಿಂದಗಿ ತಾಲ್ಲೂಕಿನ ಗಡಿ ದಾಟಿ ಅಫಜಲಪುರಕ್ಕೋ ಜೇವರ್ಗಿಗೋ ಕಾಲಿಟ್ಟರೆ ಕಲ್ಯಾಣ ಕರ್ನಾಟಕದ ಮೀಸಲಾತಿ. ಇತ್ತ ಕಡೆ ಅದೇ ಮಣ್ಣು, ಅದೇ ತೊಗರಿ ಬೆಳೆ, ಅದೇ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು, ಮೀಸಲಾತಿ ಮಾತ್ರ ಇಲ್ಲ. ಇಂಡಿಯ ಪಾಲಕರು ಕೌನ್ಸೆಲಿಂಗ್ ದಿನಗಳಲ್ಲಿ ಇದನ್ನು ಎಷ್ಟು ಸಂಕಟದಿಂದ ಹೇಳಿಕೊಂಡರೂ ಅದು ನ್ಯಾಯವಾದದ್ದೇ. 2025ರಲ್ಲಿ ವಿಜಯಪುರದಲ್ಲಿ ಜನ ಧರಣಿ ಕೂತದ್ದರ ಹಿಂದೆ ಈ ಸಂಕಟವೂ ಇದೆ. ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಹೀಗೆ ತರಗತಿಯಲ್ಲಿ ಕೂರುವವರು ನಾನಾ ಕಡೆಯವರು. ಊಟದ ಹೊತ್ತಿಗೆ ಮೆಸ್ಸಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯನ್ನು ಮೊದಲ ಬಾರಿ ನೋಡುವ ಹೊರ ರಾಜ್ಯದ ಹುಡುಗನ ಪಕ್ಕದಲ್ಲೇ, ಇಂಗ್ಲಿಷ್ ಪಾಠವನ್ನು ಮೊದಲ ಬಾರಿ ದಿನವಿಡೀ ಕೇಳುತ್ತಿರುವ ಮುದ್ದೇಬಿಹಾಳದ ಹುಡುಗಿ ಇರುತ್ತಾಳೆ. ಮೊದಲ ವರ್ಷ ಅವಳಿಗೆ ಕಷ್ಟ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮೂರರಲ್ಲೂ ಸಾವಿರಾರು ಹೊಸ ಹೆಸರು. ಅಂಗರಚನೆಯ ಚೌರಾಸಿಯಾ ಪುಸ್ತಕದ ಚಿತ್ರಗಳನ್ನು ಬಣ್ಣದ ಪೆನ್ಸಿಲ್ ಹಿಡಿದು ಮತ್ತೆ ಮತ್ತೆ ಬರೆಯಬೇಕು. ಹಾಸ್ಟೆಲ್ ಕೋಣೆಗಳಲ್ಲಿ ಸೀನಿಯರ್‌ಗಳು ಬಿಟ್ಟುಹೋದ ಎಲುಬಿನ ಸೆಟ್ಟು ಕೈಯಿಂದ ಕೈಗೆ ಸಾಗುತ್ತದೆ. ಎರಡನೇ ವರ್ಷಕ್ಕೆ, ವಾರ್ಡಿಗೆ ಕಾಲಿಟ್ಟ ಮೇಲೆ, ತಕ್ಕಡಿ ತಿರುಗುತ್ತದೆ. ಆಗ ಹೊರಗಿನವನು ಅವಳ ಹಿಂದೆ ಹಿಂದೆ ಓಡಾಡುತ್ತಾನೆ, ಅಜ್ಜಿ ಏನಂದಳು ಎಂದು ಕೇಳುತ್ತಾನೆ.

ಮೊದಲ ವರ್ಷದ ಅತಿ ಗಂಭೀರ ಪಾಠ ಡಿಸೆಕ್ಷನ್ ಹಾಲ್‌ನದು. ಶವವನ್ನು ಮುಟ್ಟುವ ಮೊದಲು ವಿದ್ಯಾರ್ಥಿಗಳು ಗೌರವದ ಪ್ರತಿಜ್ಞೆ ಮಾಡುತ್ತಾರೆ. ಅವರ ಮೊದಲ ಗುರು ಆ ದೇಹವೇ. ದೇಹದಾನದ ಮಾತು ಬಂದಾಗ ಈ ಭಾಗದ ಶಿಕ್ಷಕರಿಗೆ ಬೈಲಹೊಂಗಲದ ಉದಾಹರಣೆ ನೆನಪಾಗದೆ ಇರದು. ಆಯುರ್ವೇದ ವೈದ್ಯರಾಗಿದ್ದ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಕಾಲೇಜಿಗೆ ಕೊಡಬೇಕೆಂದು ಬರೆದಿಟ್ಟಿದ್ದರು. ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯ ಕೆ.ಎಲ್.ಇ. ಆಯುರ್ವೇದ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಎದುರು, ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ತಂದೆಯ ಮಾತನ್ನು ಹೀಗೆ ನಡೆಸಿಕೊಟ್ಟ ಮಗನ ಎದೆಗಾರಿಕೆ ಎಂಥದ್ದಿರಬೇಕು!

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. 2019ರಲ್ಲಿ ದೇಶದಾದ್ಯಂತ ಪಠ್ಯಕ್ರಮ ಬದಲಾಯಿತು. ಎಷ್ಟು ಓದಿದೆ ಎನ್ನುವುದಕ್ಕಿಂತ ಏನು ಮಾಡಬಲ್ಲೆ ಎನ್ನುವುದಕ್ಕೆ ಬೆಲೆ ಬಂತು. ರೋಗಿಯೊಡನೆ ಮಾತು, ನಡವಳಿಕೆ, ನೀತಿ ಕೂಡ ಪಾಠವಾದವು. ಸ್ಥಳೀಯ ಭಾಷೆ ಕಲಿಯುವುದು ಮೊದಲ ವಾರಗಳಲ್ಲೇ ಶುರುವಾಗಬೇಕು. ಆದರೆ ತರಗತಿಯಲ್ಲಿ ಕಲಿತ ಕನ್ನಡ ಸಾಲುವುದಿಲ್ಲ. ಇಲ್ಲಿನ ರೋಗಿಗೆ ತಲೆ ಸುತ್ತುವುದಿಲ್ಲ, ‘ಚಕ್ಕರ್ ಬರ್ತಾವ’, ಕಾಮಾಲೆ ‘ಕಾಮಣಿ’, ಶಕ್ತಿ ಇಲ್ಲ ಎನ್ನುವುದು ‘ಕಸುವಿಲ್ಲರಿ’. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ಇಲ್ಲಿ ‘ಎಣ್ಣಿ’ ಎನ್ನುತ್ತಾರೆ. ‘ಎಣ್ಣಿ ಕುಡದಾನ್ರೀ’ ಎಂದು ಅಳುತ್ತ ಬಂದ ತಾಯಿಯ ಮಾತು ತುರ್ತು ಚಿಕಿತ್ಸಾ ಘಟಕದಲ್ಲಿ ಯಾರಿಗಾದರೂ ಅರ್ಥವಾಗದೆ ಹೋದರೆ ನಿಮಿಷಗಳು ಹೋಗುತ್ತವೆ.

ಆ ರೋಗಿಯ ಹಾಸಿಗೆ ಪಕ್ಕದಲ್ಲಿ ಕಲಿಯುವುದು ಬಹಳ. ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗುಳುಗುಳು. ಬಟ್ಟೆ ಬಿಚ್ಚಿ ಮೈ ತೊಳೆಯಬೇಕು. ವಿಷ ಚರ್ಮದಿಂದಲೂ ಇಳಿಯುತ್ತದೆ. ಅದಕ್ಕೆ ಕಾಯದೆ ಜೊತೆಗೇ ಅಟ್ರೋಪಿನ್, ಕೆಲವು ನಿಮಿಷಗಳಿಗೊಮ್ಮೆ ಪ್ರಮಾಣ ಇಮ್ಮಡಿಸುತ್ತ, ಎದೆಯ ಸದ್ದು ತಿಳಿಯಾಗುವವರೆಗೆ. ರಾತ್ರಿಯೆಲ್ಲ ನಾಡಿ ಎಣಿಸಿ, ಎದೆಗೆ ಸ್ಟೆತ್ ಇಟ್ಟು, ಪಾಪೆ ನೋಡಿ ಚಾರ್ಟ್ ಬರೆಯುವ ಕೆಲಸ ಕಿರಿಯರದು. ಮರುದಿನ ರೋಗಿ ಕಣ್ಣು ಬಿಟ್ಟು ಮಾತಾಡಿದ ಎಂದು ಮನೆಯವರು ನಿಟ್ಟುಸಿರು ಬಿಟ್ಟಾಗಲೇ ಹಿರಿಯ ವೈದ್ಯರು ವಿದ್ಯಾರ್ಥಿಗೆ ಇನ್ನೊಂದು ಪರೀಕ್ಷೆ ಹೇಳಿಕೊಡುತ್ತಾರೆ. ‘ಕಾಕಾ, ದಿಂಬಿನಿಂದ ತಲಿ ಎತ್ರಿ’ ಎನ್ನಬೇಕು, ಅಷ್ಟೇ. ತಲೆ ಎತ್ತಲಾಗದಿದ್ದರೆ ಕುತ್ತಿಗೆಯ ಸ್ನಾಯು ಸೋಲುತ್ತಿದೆ ಎಂದರ್ಥ, ಮುಂದೆ ಉಸಿರಾಟದ ಸ್ನಾಯುಗಳ ಸರದಿ. ವಿಷ ಸೇರಿದ ಒಂದರಿಂದ ನಾಲ್ಕು ದಿನದೊಳಗೆ ಬರುವ ಈ ಅಪಾಯವನ್ನು ಯಾವ ಯಂತ್ರಕ್ಕಿಂತಲೂ ಮೊದಲು ಹಿಡಿಯುವುದು ಹೀಗೆ ಮತ್ತೆ ಮತ್ತೆ ಕೇಳುವ ವಿದ್ಯಾರ್ಥಿಯೇ.

ಹಾವಿನ ಕಡಿತದ ಪಾಠವೂ ಇಷ್ಟೇ ಸರಳ, ಇಷ್ಟೇ ಕಠಿಣ. ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿ ಲೀಟರ್ ರಕ್ತ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ಓರೆ ಮಾಡಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲ ಅಥವಾ ಗರಗಸ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ. ಪ್ರತಿವಿಷ ಕೂಡಲೇ ಬೇಕು. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ, ಸೋಪಿನಲ್ಲಿ ತೊಳೆದ ಕೊಳವೆಯೂ ಸುಳ್ಳು ಹೇಳುತ್ತದೆ. ಕಟ್ಟುಹಾವಿನ ಕಥೆ ಬೇರೆ. ಸುಗ್ಗಿಯಲ್ಲಿ ಹೊಲದ ಮನೆಯ ನೆಲದ ಮೇಲೆ ಮಲಗಿದವನಿಗೆ ಕಡಿದದ್ದೇ ಗೊತ್ತಾಗದೆ ಇರಬಹುದು, ಗಾಯವೂ ಕಾಣದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು ಕೂತವನ ಕಣ್ಣರೆಪ್ಪೆ ನಿಧಾನಕ್ಕೆ ಜೋಲುತ್ತದೆ. ಗಡಿಬಿಡಿಯಲ್ಲಿ ಹೊಟ್ಟೆನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಆತ ಉಳಿಯಲಾರ. ಎಲ್ಲಿ ಮಲಗಿದ್ದಿರಿ ಎಂದು ಕೇಳುವ ಬುದ್ಧಿ ಬರಬೇಕಾದರೆ ಹೊಲದ ಬದುಕು ವೈದ್ಯನಿಗೆ ಗೊತ್ತಿರಬೇಕು. ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿಯ ತೊಗರಿ ಹೊಲದಲ್ಲಿ ಬೆಳೆದ ಮಕ್ಕಳು ವೈದ್ಯರಾಗುವುದು ಈ ಕಾರಣಕ್ಕೂ ಬೇಕು. ಕೇಳಬೇಕಾದ ಪ್ರಶ್ನೆ ಅವರಿಗೆ ತಾನಾಗಿ ಹೊಳೆಯುತ್ತದೆ.

ಆಸ್ಪತ್ರೆಯ ಗೋಡೆಯಾಚೆಗೂ ಈಗ ಪಾಠವಿದೆ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿ ಹಳ್ಳಿಯ ಮೂರರಿಂದ ಐದು ಕುಟುಂಬಗಳನ್ನು ದತ್ತು ತೆಗೆದುಕೊಂಡು ಕೋರ್ಸು ಮುಗಿಯುವವರೆಗೆ ಅವರ ಆರೋಗ್ಯದ ಮೇಲೆ ಕಣ್ಣಿಡಬೇಕು. ಬಿಪಿ ನೋಡುವುದು, ಕೂಸಿನ ತೂಕ ಹಿಡಿಯುವುದು, ಬಸುರಿಯ ತಾಯಿ ಕಾರ್ಡು ಓದುವುದು ಇಲ್ಲಿಂದಲೇ ಆರಂಭ. ಈ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೇಲ್ಮಿತಿ. ಪುಸ್ತಕದಲ್ಲಿ ಅದು ಒಂದು ಅಂಕೆ. ಹಳ್ಳಿಯ ಶಾಲೆಯ ಮುಂದೆ ನಗುವ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳನ್ನು ನೋಡಿದ ವಿದ್ಯಾರ್ಥಿ ಆ ಅಂಕೆಯನ್ನು ಮತ್ತೆ ಮರೆಯುವುದಿಲ್ಲ.

ಚಿಂತೆ ಶುರುವಾಗುವುದು ಕೊನೆಯ ವರ್ಷಗಳಲ್ಲಿ. ಔಷಧ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗಗಳ ದೊಡ್ಡ ಪರೀಕ್ಷೆ ಮುಗಿಯುವ ಮೊದಲೇ ತಲೆಯಲ್ಲಿ ಸ್ನಾತಕೋತ್ತರ ಪ್ರವೇಶದ ನೀಟ್-ಪಿಜಿ ತುಂಬಿಕೊಳ್ಳುತ್ತದೆ. ಮೊಬೈಲಿನಲ್ಲಿ ವಿಡಿಯೊ ಪಾಠ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಅಭ್ಯಾಸ. ವಾರ್ಡಿನಲ್ಲಿ ಇರಬೇಕಾದ ಹೊತ್ತು ಗ್ರಂಥಾಲಯದ ಮೂಲೆಗೆ ಹೋಗುತ್ತದೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ, ಬರೀ ಎಂ.ಬಿ.ಬಿ.ಎಸ್. ಆದರೆ ಯಾರು ಕೇಳುತ್ತಾರೆ ಎಂದು ಮನೆಯವರೇ ಹೇಳುವ ಕಾಲವಿದು. ಆದರೂ ಒಂದು ಮಾತು ಖಂಡಿತ: ಹೊಟ್ಟೆಯ ಮೇಲೆ ಕೈಯಿಟ್ಟು ಯಕೃತ್ತಿನ ಅಂಚನ್ನು ಬೆರಳಿಗೆ ತಾಗಿಸಿಕೊಳ್ಳುವುದನ್ನು, ನಿಮೋನಿಯಾ ಆದ ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸುವುದನ್ನು ಯಾವ ವಿಡಿಯೊದಿಂದಲೂ ಕಲಿಯಲಾಗದು. ಆ ವಿದ್ಯೆಗೆ ರೋಗಿ ಬೇಕು, ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸುವ ಗುರು ಬೇಕು, ಇಬ್ಬರಿಗೂ ಸಮಯ ಬೇಕು.

ಆ ಸಮಯ ಕೊನೆಗೂ ಸಿಗುವುದು ಇಂಟರ್ನ್‌ಶಿಪ್‌ನಲ್ಲಿ. ಹೆರಿಗೆ ಕೋಣೆ, ತುರ್ತು ಘಟಕ, ಆಪರೇಷನ್ ಥಿಯೇಟರ್ ಸುತ್ತಿ ಬರುವ ಹನ್ನೆರಡು ತಿಂಗಳಲ್ಲಿ ಹನ್ನೆರಡು ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ವೈದ್ಯಾಧಿಕಾರಿಯಾಗಿ ಕುಳಿತವರಿಗೆ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ನೆರವಿಗೆ ಬರುವುದು ಈ ವರ್ಷದ ಅನುಭವವೇ. ಕಡ್ಡಾಯ ಗ್ರಾಮೀಣ ಸೇವೆಗೆಂದು ರಾಜ್ಯ 2012ರ ಕಾಯ್ದೆಯನ್ನೂ ತಂದಿತ್ತು.

ಹಳ್ಳಿಯ ಕೆಲಸವೆಂದರೆ ವಿದ್ಯೆ ಕುಂದುತ್ತದೆ ಎಂದು ಹೆದರುವ ಕಿರಿಯರಿಗೆ ನೆರೆಯ ಮಹಾರಾಷ್ಟ್ರದ ಡಾ. ಹಿಮ್ಮತರಾವ್ ಬಾವಸ್ಕರ್ ಅವರನ್ನು ಪರಿಚಯಿಸಬೇಕು. ಕೊಂಕಣದ ಮಹಾಡ್ ಸುತ್ತಿನ ಹಳ್ಳಿಗಳಲ್ಲಿ ಕೆಂಪು ಚೇಳು ಕಡಿದು ಸಾಯುತ್ತಿದ್ದವರನ್ನು ರಾತ್ರಿಯಿಡೀ ಕಾದು ಕುಳಿತು ನೋಡಿ, ಪ್ರತಿಯೊಬ್ಬರ ನಾಡಿ, ರಕ್ತದೊತ್ತಡ ಬರೆದಿಟ್ಟುಕೊಂಡು, ರಕ್ತದೊತ್ತಡಕ್ಕೆ ಕೊಡುವ ಪ್ರಜೋಸಿನ್ ಮಾತ್ರೆಯಿಂದ ಅವರನ್ನು ಉಳಿಸಬಹುದೆಂದು ತೋರಿಸಿದವರು ಅವರು. ‘ಲ್ಯಾನ್ಸೆಟ್’ ಅವರ ಬರಹ ಪ್ರಕಟಿಸಿತು, 2022ರಲ್ಲಿ ಪದ್ಮಶ್ರೀ ಬಂತು. ಅವರ ಬಳಿ ಇದ್ದದ್ದು ಸಣ್ಣ ಆಸ್ಪತ್ರೆ, ಬಿಪಿ ಉಪಕರಣ, ಒಂದು ನೋಟ್‌ಪುಸ್ತಕ. ಅಂಥ ಪುಸ್ತಕ ತೆರೆಯಲು ವಿಜಯಪುರ ಜಿಲ್ಲೆಯಲ್ಲಿ ಬೇಕಾದಷ್ಟು ಕಾರಣಗಳಿವೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮುದ್ದೇಬಿಹಾಳದಿಂದಲೋ ಬಾಗೇವಾಡಿಯಿಂದಲೋ ಬಂದ ಪ್ರತಿ ರೋಗಿಯ ವಿವರವನ್ನು ಈಗ ಬರೆದು ಕಳಿಸಬೇಕು: ಎಲ್ಲಿ ಕಡಿಯಿತು, ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿದರು, ಎಷ್ಟು ಬಾಟಲಿ ಪ್ರತಿವಿಷ ಕೊಟ್ಟರು. ರೋಗಿಯ ಮನೆಯವರನ್ನು ಕೂರಿಸಿಕೊಂಡು, ಅವರ ಮಾತಿನಲ್ಲೇ ಕೇಳಿ, ಅದನ್ನೆಲ್ಲ ಸರಿಯಾಗಿ ಬರೆದುಕೊಳ್ಳುವ ಕೆಲಸವನ್ನು ಇಂಟರ್ನ್‌ಗಳು ಮನಸ್ಸಿಟ್ಟು ಮಾಡಿದರೆ, ಯಾವ ತಾಲ್ಲೂಕಿನ ಯಾವ ಆಸ್ಪತ್ರೆಯಲ್ಲಿ ಯಾವ ತಿಂಗಳು ಎಷ್ಟು ಪ್ರತಿವಿಷ ಇಟ್ಟಿರಬೇಕು ಎಂಬ ಲೆಕ್ಕ ಆ ಹಾಳೆಗಳಿಂದಲೇ ಸಿಗುತ್ತದೆ.