ಖಾಲಿ ಕಪಾಟಿನ ಲೆಕ್ಕ

ಮೈಸೂರಿನ ಶ್ರೀರಾಂಪುರದಿಂದ ಮಾನಂದವಾಡಿ ರಸ್ತೆ ಹಿಡಿದು ಊರೊಳಕ್ಕೆ ಬಂದರೆ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ ಇದು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಇಲ್ಲಿ ತಯಾರಾಗುವ ಮೈಸೂರು ಸಿಲ್ಕ್ ಸೀರೆ ಕಾರ್ಖಾನೆಯ ಆವರಣದ ಮಳಿಗೆಯಲ್ಲೂ ಬೆಂಗಳೂರು ಮೊದಲಾದ ಊರುಗಳ ನಿಗಮದ ಮಳಿಗೆಗಳಲ್ಲೂ ಮಾರಾಟವಾಗುತ್ತದೆ. ಬೇಡಿಕೆಯಷ್ಟು ಸೀರೆ ಇಲ್ಲ. ಬೆಂಗಳೂರಿನ ಮಳಿಗೆಯ ಮುಂದೆ ಹೆಂಗಸರು ಬೆಳಗಿನ ಜಾವವೇ ಸಾಲುಗಟ್ಟಿ ನಿಂತದ್ದು ಸುದ್ದಿಯಾಗಿತ್ತು. ಹಾಗಾದರೆ ಇರುವ ಸೀರೆಯಲ್ಲಿ ಯಾವ ಮಳಿಗೆಗೆ ಎಷ್ಟು ಕಳಿಸಬೇಕು?

ಹೋದ ವರ್ಷ ಯಾರು ಎಷ್ಟು ಮಾರಿದರೋ ಅದಕ್ಕೆ ತಕ್ಕ ಪಾಲು ಎನ್ನುವುದು ಹಲವು ಮಳಿಗೆಗಳುಳ್ಳ ಸಂಸ್ಥೆಗಳ ಹಳೆಯ ಪದ್ಧತಿ. ಕೇಳಲು ನ್ಯಾಯವಾಗಿದೆ, ಆದರೆ ಲೆಕ್ಕ ತಪ್ಪು. ಒಂದು ಮಳಿಗೆಗೆ ತಿಂಗಳ ಮೊದಲ ದಿನ 10 ಹಸಿರು ಸೀರೆ ಬಂದವು, ಎರಡೇ ದಿನದಲ್ಲಿ ಖರ್ಚಾದವು ಎಂದಿಟ್ಟುಕೊಳ್ಳಿ. ಉಳಿದ 28 ದಿನ ಹಸಿರು ಕೇಳಿ ಬಂದವರೆಲ್ಲ ಬರಿಗೈಲಿ ಹೋದರು. ಇನ್ನೊಂದು ಮಳಿಗೆಗೆ 20 ಬಂದು, ತಿಂಗಳಿಡೀ ಮಾರಿ 14 ಹೋದವು. ಬಿಲ್ಲು ಪುಸ್ತಕದಲ್ಲಿ ಎರಡನೆಯದೇ ಮುಂದೆ. ಸರಕು ಇದ್ದ ದಿನಗಳಿಗೆ ಭಾಗಿಸಿ ನೋಡಿದರೆ ಮೊದಲನೆಯದು ದಿನಕ್ಕೆ ಐದು ಮಾರಿದೆ, ಎರಡನೆಯದು ಎರಡು ದಿನಕ್ಕೆ ಒಂದೂ ಇಲ್ಲ. ವಾಪಸು ಹೋದ ಗಿರಾಕಿಗೆ ಯಾರೂ ಬಿಲ್ಲು ಹಾಕುವುದಿಲ್ಲವಲ್ಲ! ಹಳೆಯ ಲೆಕ್ಕದಂತೆ ಹಂಚಿದರೆ ಸರಕಿಲ್ಲದ ಅಂಗಡಿಗೆ ಮುಂದಿನ ವರ್ಷವೂ ಸರಕಿಲ್ಲ.

ಹೊಸ ಪದ್ಧತಿಯ ಮೂಲ ಇಲ್ಲಿದೆ. ಮಾರಿದ್ದರ ಜೊತೆಗೆ ಸರಕು ಎಷ್ಟು ದಿನ ಕಪಾಟಿನಲ್ಲಿತ್ತು ಎಂಬುದೂ ದಾಖಲಾಗಬೇಕು. ಮೈಸೂರು ಸಿಲ್ಕಿಗೆ ಇದು ಕಷ್ಟವಲ್ಲ. ನಕಲಿ ತಡೆಯಲೆಂದು ಪ್ರತಿ ಸೀರೆಗೂ ಅದರದೇ ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆಯಿಂದ ಸೀರೆ ಮಳಿಗೆ ಸೇರಿದ ದಿನ, ಮಾರಾಟವಾದ ದಿನ ಎರಡನ್ನೂ ಹಿಡಿಯಬಹುದು.

ಹಾಗಾದರೆ ಎಷ್ಟು ಬೇಕೆಂದು ಮಳಿಗೆಯವರನ್ನೇ ಕೇಳಿಬಿಟ್ಟರೆ? ಅಭಾವವಿದ್ದಾಗ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚೇ ಬರೆದು ಕಳಿಸುತ್ತಾರೆ. ಸ್ಪೇನಿನ ಜಾರಾ ಬಟ್ಟೆ ಕಂಪನಿ ತನ್ನ ಮಳಿಗೆಗಳಿಗೆ ವಾರಕ್ಕೆ ಎರಡು ಬಾರಿ ಸರಕು ಕಳಿಸುತ್ತದೆ. ಅಲ್ಲೂ ಈ ತೊಂದರೆ ಇತ್ತು. ಫೆಲಿಪೆ ಕಾರೊ, ಜೆರೆಮಿ ಗಾಲಿಯೆನ್ ಎಂಬ ವಿದ್ವಾಂಸರು ಮಳಿಗೆಯವರ ಬೇಡಿಕೆ ಪಟ್ಟಿಯನ್ನೂ ಹಿಂದಿನ ಮಾರಾಟವನ್ನೂ ಕೂಡಿಸಿ ಹಂಚಿಕೆಯ ಗಣಿತ ರೂಪಿಸಿದರು. ಪ್ರಯೋಗದಲ್ಲಿ ಮಾರಾಟ ಶೇ. 3ರಿಂದ 4ರಷ್ಟು ಏರಿತೆಂದು 2010ರಲ್ಲಿ ಪ್ರಕಟಿಸಿದರು. ಸರಕು ಅಷ್ಟೇ ಇದ್ದರೂ ಅದನ್ನು ಸರಿಯಾದ ಕಡೆ ಇಟ್ಟರೆ ಇಷ್ಟು ಲಾಭ.

ಇನ್ನೊಂದು ಉಪಾಯ, ಇದ್ದದ್ದನ್ನೆಲ್ಲ ಒಂದೇ ಸಲ ಹಂಚಿಬಿಡದೆ ಒಂದು ಪಾಲನ್ನು ಗೋದಾಮಿನಲ್ಲೇ ಉಳಿಸಿಕೊಳ್ಳುವುದು. ಮೊದಲ ವಾರದ ಮಾರಾಟ ನೋಡಿ ಆ ಪಾಲು ಕಳಿಸಿದರಾಯಿತು. ಒಮ್ಮೆ ಮಳಿಗೆ ಸೇರಿದ ಸರಕನ್ನು ಮತ್ತೊಂದಕ್ಕೆ ಸಾಗಿಸಲು ಖರ್ಚು ಹೆಚ್ಚು, ಅಷ್ಟರಲ್ಲಿ ಹಬ್ಬವೂ ಮುಗಿದಿರುತ್ತದೆ.

ನೇಯ್ಗೆಯ ಕ್ರಮವೇ ಹೀಗೆ ತೀರ್ಮಾನ ಮುಂದೂಡಲು ಒದಗಿಬರುವ ಸಂದರ್ಭಗಳೂ ಉಂಟು. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆಯನ್ನು ಬಣ್ಣವಿಲ್ಲದ ಹುರಿ ರೇಷ್ಮೆಯಲ್ಲಿ ನೇಯ್ದು, ಅಂಟು ತೆಗೆದು, ಆಮೇಲೆ ಬಣ್ಣ ಹಾಕುತ್ತಾರೆ. ಅಂದರೆ ಮಗ್ಗದಿಂದ ಇಳಿದ ಬಿಳಿ ಸೀರೆ ಹಸಿರೋ ಕೆಂಪೋ ಎಂಬ ತೀರ್ಮಾನವನ್ನು ಕೊನೆಯವರೆಗೆ ಕಾದಿಡಬಹುದು. ಇಟಲಿಯ ಬೆನೆಟ್ಟನ್ ಬಟ್ಟೆ ಕಂಪನಿ ಹೆಸರು ಮಾಡಿದ್ದು ಇದೇ ಕ್ರಮದಿಂದ: ಬಣ್ಣವಿಲ್ಲದ ಸ್ವೆಟರ್ ಹೆಣೆದಿಟ್ಟು, ಯಾವ ಬಣ್ಣ ಓಡುತ್ತಿದೆ ಎಂದು ನೋಡಿ ಅದನ್ನೇ ಹಾಕುವುದು. ಹೆಚ್ಚು ಮಗ್ಗ ಬೇಕೆಂದು ಕೇಳುವುದು ಸರಿಯೇ, ಆದರೆ ಅದಕ್ಕೆ ಮುಂಚೆ ಮಾಡಬಹುದಾದ ಕೆಲಸ ಇದು.

ಇದರಲ್ಲಿ ಗಿರಾಕಿಯ ಪಾಲೂ ಇದೆ. ಯಾವ ಅಂಗಡಿಯಲ್ಲೇ ಆಗಲಿ, ಬೇಕಾದ ಬಣ್ಣ ಸಿಗದಿದ್ದರೆ ಸುಮ್ಮನೆ ಹೊರಡಬೇಡಿ. ಏನು ಕೇಳಿ ಬಂದಿರಿ ಎಂದು ಕೌಂಟರಿನಲ್ಲಿ ಹೇಳಿ, ಬರೆದುಕೊಳ್ಳುವಂತೆ ಕೇಳಿ.